ಬಾಕಿ ಇಲ್ಲದ ಮಗ್ಗ

ಎರಡೂವರೆ ವರ್ಷದಿಂದ ಆ ಮನೆಯಲ್ಲಿ ಚಹಾಕ್ಕೆ ಹಾಲು ಬಿದ್ದಿರಲಿಲ್ಲ. ನಿಲ್ಲಿಸಿದವಳು ನಿರ್ಮಲಾ. ನಿಲ್ಲಿಸಿದ ಮೊದಲನೆಯ ದಿನ ಅವಳ ಅತ್ತೆ ಅನ್ನವ್ವ ಲೋಟದೊಳಗೆ ಬಗ್ಗಿ ನೋಡಿ, "ಇದು ಚಹಾನೋ, ಲೋಟಾ ತೊಳದ ನೀರೋ?" ಎಂದು ಕೇಳಿದ್ದಳು. ಒಂದು ದಿನ ಕೇಳಿ ಸುಮ್ಮನಾಗಿದ್ದರೆ ಆ ಮಾತು ಬೇರೆ. ಅಂದಿನಿಂದ ದಿನಾ ಬೆಳಗಾದರೆ ಅದೇ ಪ್ರಶ್ನೆ, ಅದೇ ಬಗ್ಗಿ ನೋಡುವುದು. ನಿರ್ಮಲಾ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಹಲ್ಲು ಕಚ್ಚಿಕೊಂಡು ಸುಮ್ಮನಿರುವುದನ್ನು ಕಲಿತಳು. ಮಾತಾಡಿದರೆ ಬಾಯಿ ಒಣಗುತ್ತದೆ, ಬಾಯಿ ಒಣಗಿದರೆ ಇನ್ನೊಂದು ಲೋಟ ಚಹಾ ಬೇಕಾಗುತ್ತದೆ, ಅದಕ್ಕೆ ಮತ್ತೆ ಸಕ್ಕರೆ ಖರ್ಚು.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಅವಳಷ್ಟು ಬಿಗಿಯಾಗಿ ಸಂಸಾರ ಮಾಡಿದವರು ಇನ್ನೊಬ್ಬರಿರಲಿಲ್ಲ. ಒಗ್ಗರಣೆಗೆ ಎಣ್ಣೆ ಬಾಟಲಿಯಿಂದ ಬೀಳುತ್ತಿರಲಿಲ್ಲ, ಬಾಟಲಿಯ ಮುಚ್ಚಳದಿಂದ ಬೀಳುತ್ತಿತ್ತು. ಸಂತೆಗೆ ಹೋಗುವುದು ಸಂತೆ ಏಳುವ ಹೊತ್ತಿಗೆ. ಬದನೆಕಾಯಿಯವಳು ಗೋಣಿಚೀಲ ಝಾಡಿಸುವಾಗ ಎದುರಿಗೆ ಹೋಗಿ ನಿಂತರೆ ಕೇಳಿದ ಬೆಲೆಗೆ ಕೊಟ್ಟು ಎದ್ದುಹೋಗುತ್ತಾಳೆ. ಮದುವೆ ಮುಂಜಿಗಳಿಗೆ ಮನೆಯಿಂದ ಒಬ್ಬರೇ, ಉಡುಗೊರೆಗೆ ಒಂದೇ ಖಣ. ಊರಿಗೆಲ್ಲ ಸೀರೆ ನೇಯುವ ಮನೆಯ ಸೊಸೆ ತಾನು ಮಾತ್ರ ಎರಡು ದೀಪಾವಳಿಗಳನ್ನು ಹಳೇ ಸೀರೆಯಲ್ಲಿ ಕಳೆದಳು. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ರೇಷನ್ ಕಾರ್ಡಿನ ಯಜಮಾನಿಯಾದ ಅನ್ನವ್ವನ ಖಾತೆಗೆ ಬರುತ್ತಿತ್ತು. ಅದನ್ನು ಮುದುಕಿಯ ಕೈಯಿಂದ ಬಿಡಿಸಿಕೊಳ್ಳುವುದೆಂದರೆ ಪ್ರತಿ ತಿಂಗಳೂ ಒಂದು ರಾಮಾಯಣ.

ಇನ್ನು ಗಂಡ ಕಳಕೇಶ. ಅವನ ಕೈಯಲ್ಲಿ ದುಡ್ಡು ನಿಂತ ಇತಿಹಾಸವಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ "ಏನಪಾ ಕಳಕೇಶ" ಎಂದರೆ ಸಾಕು, ಅವರಿಗೆ ಮಿರ್ಚಿ, ಅವರ ಜೊತೆಗಿದ್ದವರಿಗೆ ಗಿರ್ಮಿಟ್ಟು, ಸುಮ್ಮನೆ ಪಕ್ಕದಲ್ಲಿ ನಿಂತಿದ್ದವನಿಗೆ ಚಹಾ. ಬೆಲೆ ಕೇಳಿ ಕಡಿಮೆ ಮಾಡಿಸುವ ಮಾತಂತೂ ಅವನ ಜನ್ಮದಲ್ಲಿ ಬಂದಿಲ್ಲ. ಅಂಗಡಿಯವನು ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬಂದರೂ ಬಂದನೇ. ಆದ್ದರಿಂದ ಶನಿವಾರದ ಕೂಲಿ ಬಂದ ಕೂಡಲೇ ನಿರ್ಮಲಾ ಬಾಗಿಲಲ್ಲೇ ಅವನ ಕಿಸೆ ಬರಿದು ಮಾಡುತ್ತಿದ್ದಳು. ಅವನು ಎರಡೂ ಕೈ ಮೇಲೆತ್ತಿ ನಿಂತು, "ಇನ್ನ ಚರ್ಮ ಒಂದ ಉಳದೈತಿ ನೋಡು" ಎನ್ನುತ್ತಿದ್ದ.

ಇಷ್ಟೆಲ್ಲ ಯಾತಕ್ಕೆ ಅಂದರೆ, ಬಾಕಿಗೆ. ಬಾಕಿಯೆಂದರೆ ಸಾಹುಕಾರರು ಮಗ್ಗದ ಮೇಲೆ ಕೊಟ್ಟ ಮುಂಗಡ. ಅದಕ್ಕೆ ಬಡ್ಡಿ ಇಲ್ಲ. ಬಡ್ಡಿ ಇಲ್ಲವೆಂಬ ಒಂದೇ ಕಾರಣಕ್ಕೆ ಓಣಿಯಲ್ಲಿ ಅದನ್ನು ಯಾರೂ ಸಾಲ ಎಂದು ಕರೆಯುವುದಿಲ್ಲ. ಆದರೆ ಬಾಕಿ ಇರುವ ತನಕ ಆ ಮಗ್ಗದ ಮೇಲೆ ಅವರು ಕೊಟ್ಟ ಹಾಸೇ, ಅಂದರೆ ಸೀರೆಯ ಉದ್ದನೂಲೇ, ಏರಬೇಕು, ಅವರು ಹೇಳಿದ ಕೂಲಿಯನ್ನೇ ತೆಗೆದುಕೊಳ್ಳಬೇಕು. ಕಳಕೇಶನ ಅಪ್ಪ ತೀರಿಕೊಂಡಾಗ ಒಂದು ಮಗ್ಗ, ಒಂದು ಮನೆ ಮತ್ತು ಸಾಹುಕಾರ ದ್ಯಾಮಪ್ಪನವರ ಬಾಕಿ ಬಿಟ್ಟು ಹೋಗಿದ್ದ. ಆ ಬಾಕಿಗೆ ತಂಗಿಯ ಮದುವೆ ಸೇರಿತು, ಮನೆಯ ಮಾಳಿಗೆ ಸೇರಿತು, ಮಿರ್ಚಿಯೂ ಸೇರಿರಬೇಕು. ಎಲ್ಲ ಕೂಡಿ ಎಂಬತ್ತು ಸಾವಿರವಾಗಿತ್ತು.

ಒಂದು ಶನಿವಾರ ನೆಯ್ದ ಸೀರೆ ಹೊತ್ತುಕೊಂಡು ಮಗ ಶರತನೂ ಅಪ್ಪನ ಹಿಂದೆ ಹೋಗಿದ್ದ. ದ್ಯಾಮಪ್ಪನವರು ಹುಡುಗನ ಬೆನ್ನ ಮೇಲೆ ಕೈಯಾಡಿಸಿ, "ಭಾಳ ಎತ್ತರಾಗ್ಯಾನಲ್ಲೋ. ಇನ್ನ ಮುಂದಿಂದೆಲ್ಲಾ ಇವಂದ ಹೌದಿಲ್ಲೋ?" ಎಂದರಂತೆ. ಪ್ರೀತಿಯಿಂದಲೇ ಅಂದರು. ಕಳಕೇಶ ಅದನ್ನು ಮನೆಗೆ ಬಂದು ಹೆಮ್ಮೆಯಿಂದ ಹೇಳಿದ. ನಿರ್ಮಲಾಗೆ ಅದು ಬೇರೆಯೇ ಆಗಿ ಕೇಳಿಸಿತು. ತಾತನ ಬಾಕಿ ಅಪ್ಪನಿಗೆ, ಅಪ್ಪನದು ಮಗನಿಗೆ! ಅಬ್ಬಿಗೇರಿಯಲ್ಲಿ ಒಕ್ಕಲುತನ ಮಾಡುವ ತನ್ನ ಅಪ್ಪ ಯಾರಿಗಾದರೂ ನೂರು ರೂಪಾಯಿ ಕೊಡುವುದಿದ್ದರೂ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ. ಇಲ್ಲಿ ನೋಡಿದರೆ ಬಾಕಿಯನ್ನು ಮನೆತನದ ಹೆಸರಿನ ಹಾಗೆ ಹೊತ್ತು ತಿರುಗುತ್ತಾರೆ. ಶರತ ಆಗಿನ್ನೂ ಪಿಯುಸಿಯ ಮೊದಲನೇ ವರ್ಷದಲ್ಲಿದ್ದ. ಅವನು ಬೇಕಾದರೆ ನೇಯಲಿ, ಬೇಡವಾದರೆ ಬಿಡಲಿ, ಆದರೆ ಅವನ ಹೆಸರಿಗೆ ಈ ಬಾಕಿ ಬರಕೂಡದು ಎಂದು ಅವಳು ಅಂದೇ ನಿಶ್ಚಯ ಮಾಡಿದಳು. ಮರುದಿನದಿಂದ ಹಾಲು ನಿಂತಿತು.

ಎಂಬತ್ತು ಹೋಗಿ ಅರವತ್ತಾಯಿತು, ನಲವತ್ತಾಯಿತು. ಕೊನೆಗೆ ಹತ್ತು ಸಾವಿರಕ್ಕೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು. ಕೊಡಬೇಕಾದ ಹಣ ಜೋಳದ ಡಬ್ಬಿಯಲ್ಲಿ ಕೂತಿದೆ, ಕೊಟ್ಟು ಬರಬೇಕಾದ ಗಂಡಸು ಕೊಡುತ್ತಿಲ್ಲ. ಒಂದು ಶನಿವಾರ, "ಸಾಹುಕಾರರು ಊರಾಗ ಇದ್ದಿಲ್ಲ" ಎಂದ. ಇನ್ನೊಂದು ಶನಿವಾರ, "ಮಂದಿ ಭಾಳಿದ್ರು, ಅವರ ಮುಂದ ಹ್ಯಾಂಗ ಕೊಡೂದು?" ಎಂದ. ಮತ್ತೊಂದು ಶನಿವಾರ, "ಅಮಾಸಿ ಸಮೀಪ ಐತಿ" ಎಂದ. ಅಮಾವಾಸ್ಯೆಗೂ ಹತ್ತು ಸಾವಿರಕ್ಕೂ ಏನು ಸಂಬಂಧ ಎಂದು ಕೇಳಿದರೆ ಮಗ್ಗದ ಕುಣಿಗೆ ಇಳಿದು ಲಾಳಿ ಹಾರಿಸಲು ಶುರು ಮಾಡುತ್ತಿದ್ದ. ಮಗ್ಗ ನಡೆಯುವಾಗ ಯಾರ ಮಾತೂ ಕೇಳಿಸುವುದಿಲ್ಲವೆಂಬುದು ನೇಕಾರನಿಗೆ ದೇವರು ಕೊಟ್ಟ ಸವಲತ್ತು.

ಆರು ಶನಿವಾರ ನೋಡಿದಳು. ಏಳನೆಯದು ಬರುವ ಮೊದಲೇ, ಒಂದು ಸೋಮವಾರ ಗಂಡ ನೂಲು ಸರಿಮಾಡುತ್ತ ಕೂತಿದ್ದಾಗ, ಡಬ್ಬಿಯ ತಳಕ್ಕೆ ಕೈ ಹಾಕಿ ನೋಟುಗಳನ್ನು ತೆಗೆದು, ಜೋಳದ ಧೂಳು ಒರೆಸಿ, ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಯಾರಿಗೂ ಹೇಳಲಿಲ್ಲ.

ದ್ಯಾಮಪ್ಪನವರು ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತಿದ್ದರು. ಹಣ್ಣಾದ ಕೂದಲು, ಮೆತ್ತಗಿನ ಮಾತು. ಈ ಮನುಷ್ಯ ಯಾರಿಗೂ ಗಟ್ಟಿಯಾಗಿ ಅಂದವರಲ್ಲ. ಗಟ್ಟಿಯಾಗಿ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ನಿರ್ಮಲಾಗೆ ಎಷ್ಟೋ ಸಲ ಅನಿಸಿದ್ದಿತು.

"ಬಾಕಿ ಕೊಡಾಕ ಬಂದೀನ್ರಿ" ಎಂದಳು.

"ಕೊಡವಾ. ಎಷ್ಟ ತಂದಿ?"

"ಪೂರಾ."

ದ್ಯಾಮಪ್ಪನವರು ಕನ್ನಡಕ ತೆಗೆದರು. "ಪೂರಾ ಅಂದ್ರ?"

"ಪೂರಾ ಅಂದ್ರ ಪೂರಾರಿ. ಹತ್ತು ಸಾವಿರ. ಎಣಿಸಿಕೊರ್ರಿ."

ಅವರು ನೋಟು ಮುಟ್ಟಲಿಲ್ಲ. "ನಮ್ಮಿಂದ ಏನರ ತಪ್ಪಾತೇನವಾ?"

"ಅಯ್ಯ, ತಪ್ಪೇನ್ರಿ!"

"ನಮ್ಮ ಗುಮಾಸ್ತ ಏನರ ಅಂದ್ನೇನ?"

"ಯಾರೂ ಏನೂ ಅಂದಿಲ್ರಿ."

"ಕಳಕೇಶಗ ಗೊತ್ತೈತಿಲ್ಲೋ ನೀ ಬಂದದ್ದು?"

"ಅವರಿಗೆ ಗೊತ್ತಿಲ್ದ ಬರತೇನೇನ್ರಿ?" ಎಂದಳು ನಿರ್ಮಲಾ. ಸುಳ್ಳು, ಆದರೆ ಖರ್ಚಿಲ್ಲದ ಸುಳ್ಳು.

ದ್ಯಾಮಪ್ಪನವರ ಕಣ್ಣಲ್ಲಿ ನೀರು ಬಂತು. "ನಿಮ್ಮ ಮಾವ ನನ್ನ ಹೆಗಲ ಮ್ಯಾಲ ಕುಂಡರಿಸಿಕೊಂಡು ಆಡಸ್ಯಾನ. ಆತು, ನಿಮ್ಮ ಮನಸಿನ್ಯಾಗ ಬಂದ ಮ್ಯಾಲ ನಾ ಬ್ಯಾಡ ಅನಬಾರದು" ಎಂದು ಒಳಗೆ ಮುಖ ಮಾಡಿ, "ಏ ಇಕಿ, ನಿರ್ಮಲಾಗ ಉಡಿ ತುಂಬಿ ಕಳಸು" ಎಂದರು.

ಸಂತೋಷಕ್ಕೆ ಅಳುತ್ತಿದ್ದಾರೆ ಎಂದುಕೊಂಡಳು ನಿರ್ಮಲಾ. ಸಾಹುಕಾರರ ಹೆಂಡತಿ ನೀಲವ್ವ ಅವಳನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿನ ತುಂಬ ಅಕ್ಕಿ, ಉತ್ತತ್ತಿ, ಎಲೆ ಅಡಿಕೆ, ಒಂದು ದಪ್ಪ ತೆಂಗಿನಕಾಯಿ, ಮೇಲೊಂದು ಚಂದದ ಖಣ ಇಟ್ಟಳು. "ಎಲ್ಲೇ ಇದ್ರೂ ಚಲೋತ್ನಂಗ ಇರ್ರಿ" ಎಂದು ತಲೆಯ ಮೇಲೆ ಕೈಯಿಟ್ಟಳು. ಎಲ್ಲೇ ಇದ್ದರೂ ಅಂದರೆ ಎಲ್ಲಿ, ಎರಡು ಓಣಿಯಾಚೆಗೆ ಇರುತ್ತೇವಲ್ಲ ಎಂದು ನಿರ್ಮಲಾ ಯೋಚಿಸಲಿಲ್ಲ. ದೊಡ್ಡವರು ಹಾಗೆ ಮಾತಾಡುತ್ತಾರೆ. ಮನೆಗೆ ಬರುವ ದಾರಿಯಲ್ಲಿ ಆ ಕಾಯಿ ಎಷ್ಟು ದಿನದ ಚಟ್ನಿಗಾಗುತ್ತದೆ ಎಂದು ಲೆಕ್ಕ ಹಾಕುತ್ತ, ಇಷ್ಟು ವರ್ಷದಲ್ಲಿ ಮೊದಲ ಸಲ ಓಣಿಯ ನಟ್ಟನಡುವೆ ಕೈ ಬೀಸಿಕೊಂಡು ನಡೆದಳು.

ಹೊಸ್ತಿಲು ದಾಟಿದಳೋ ಇಲ್ಲವೋ, ಕಳಕೇಶನ ಕೈಯಲ್ಲಿದ್ದ ನೂಲು ಹಾಗೇ ನಿಂತಿತು. ಅವನು ನೋಡಿದ್ದು ಅವಳ ಮುಖವನ್ನಲ್ಲ, ಸೆರಗನ್ನು.

"ಯಾರ ತುಂಬಿದ್ರ ಉಡಿ?"

"ನೀಲಕ್ಕಾರು. ಬಾಕಿ ಕೊಟ್ಟ ಬಂದೆ. ಪೂರಾ! ಸಾಹುಕಾರರು ಅತ್ತಬಿಟ್ರು ನೋಡ್ರಿ."

"ತುಂಬಿಸಿಕೊಂಡ್ಯಾ?"

"ತುಂಬಿಸಿಕೊಳ್ದ? ಮುತ್ತೈದಿಗೆ ಉಡಿ ತುಂಬತೀವಿ ಅಂದ್ರ ಒಲ್ಲೆ ಅಂತಾರೇನ?"

ಕಳಕೇಶ ಕುಣಿಯಿಂದ ಮೇಲೆ ಬಂದು, ಗೋಡೆಗೆ ಒರಗಿ, ತಲೆಯ ಮೇಲೆ ಎರಡೂ ಕೈ ಹೊತ್ತು ಕೂತ. ಅಷ್ಟರಲ್ಲಿ ಒಳಗಿನಿಂದ ಅನ್ನವ್ವ ಬಂದಳು, ಉಡಿ ನೋಡಿದಳು, ಮತ್ತು "ಅಯ್ಯೋ ನನ ಶಿವನ!" ಎಂದು ಅವಳೂ ಕೂತಳು. ನಿರ್ಮಲಾ ಮಾತ್ರ ನಿಂತೇ ಇದ್ದಳು, ಸೆರಗಿನಲ್ಲಿ ಕಾಯಿ ಹಿಡಿದುಕೊಂಡು.

ವಿಷಯ ಏನೆಂದು ಬಾಯಿ ಬಿಡಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಅದು ದ್ಯಾಮಪ್ಪನವರ ಮನೆತನದ ಪದ್ಧತಿಯಂತೆ, ಅವರ ಅಜ್ಜನ ಕಾಲದ್ದು. ಅವರ ಕೈಕೆಳಗಿನ ನೇಕಾರ ಬಾಕಿಯನ್ನೆಲ್ಲ ತಂದು ಕೊಟ್ಟನೆಂದರೆ ಇನ್ನು ನಿಮ್ಮ ಮನೆಯ ಹಾಸು ಬೇಡ, ಬೇರೆ ಕಡೆ ಹೋಗುತ್ತೇವೆ ಎಂದು ಅರ್ಥ. ಹೋಗುವವರು ಮುನಿಸಿಕೊಂಡು ಹೋಗಬಾರದು, ಇವರೂ ಶಾಪ ಹಾಕಬಾರದು, ಅದಕ್ಕೆ ನೇಕಾರನ ಹೆಂಡತಿಗೆ ಉಡಿ ತುಂಬಿ ಕಳಿಸುತ್ತಾರೆ. ಉಡಿ ತುಂಬಿಸಿಕೊಂಡವರ ಮಗ್ಗಕ್ಕೆ ಆ ಮನೆಯಿಂದ ಮತ್ತೆ ಹಾಸು ಬರುವುದಿಲ್ಲ.

"ಹತ್ತೊಂಬತ್ತ ವರ್ಷ ಆತು ನಾ ಈ ಮನಿಗೆ ಬಂದು. ಒಬ್ಬರರ ಹೇಳಿರೇನ ನನಗ?"

"ಹತ್ತೊಂಬತ್ತ ವರ್ಷದಾಗ ಒಬ್ಬರರ ಬಾಕಿ ತೀರಿಸ್ಯಾರೇನ?" ಎಂದ ಕಳಕೇಶ. "ತೀರಿಸಿದ್ರ ನಿನಗೂ ಗೊತ್ತಾಗತಿತ್ತು. ಅದಕ್ಕ ನಾ ಆ ಹತ್ತ ಸಾವಿರ ಹಂಗ ಇಟ್ಟಿದ್ದೆ. ಒಂದೀಟ ಇದ್ರ ಇರ್ಲಿ, ಹಾಸ ಬರತಿರತೈತಿ ಅಂತ."

"ಹಂಗಂತ ಹೇಳಾಕ ಏನ ದಾಡಿ ಆಗಿತ್ತು ನಿಮಗ? ಅಮಾಸಿ ಅಂದ್ರಿ, ಮಂದಿ ಅಂದ್ರಿ!"

"ನೀ ಬೈತಿ ಅಂತ."

"ಈಗ ಬಿಡತೇನಂದ್ರೇನ?"

ಬಿಡಲಿಲ್ಲ. ಆ ಸಂಜೆ ಅವಳು ಬೈದದ್ದು ಓಣಿಯ ಆ ತುದಿಗೂ ಕೇಳಿಸಿತು. ಮಗ್ಗದ ಸದ್ದೂ ಇರಲಿಲ್ಲವಲ್ಲ. ನಡುವೆ ಅನ್ನವ್ವನ ಕಡೆ ತಿರುಗಿ, "ನಿಮಗೂ ಗೊತ್ತಿತ್ತು. ನೀವರ ಹೇಳಬಾರದಿತ್ತ?" ಎಂದಳು. "ನನಗ ಯಾರ ಏನ ಕೇಳತಾರವಾ ಈ ಮನ್ಯಾಗ" ಎಂದು ಮುದುಕಿ ಮೂಗು ಮುರಿದಳು.

ಮಗ್ಗದ ಮೇಲಿದ್ದ ಹಾಸು ಆ ವಾರಕ್ಕೆ ಮುಗಿಯಿತು. ಶನಿವಾರ ಕಳಕೇಶ ಕೊನೆಯ ಸೀರೆಗಳನ್ನು ಕೊಟ್ಟು ಬಂದ. ಒಂದು ಪೈಸೆ ಮುರಿದುಕೊಳ್ಳದೆ ಪೂರ್ತಿ ಕೂಲಿ ಕೊಟ್ಟರಂತೆ, ಕೂರಿಸಿ ಉಪ್ಪಿಟ್ಟು ಕೊಟ್ಟರಂತೆ, ಬಾಗಿಲತನಕ ಬಂದು ಕಳಿಸಿದರಂತೆ. ಹಾಸು ಮಾತ್ರ ಕೊಡಲಿಲ್ಲ, ಇವನೂ ಕೇಳಲಿಲ್ಲ. "ನಾಚಿಕಿ ಬಂತು" ಎಂದ. ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯನಿಗೆ ಬೇಕಾದ ಕಡೆ ನಾಚಿಕೆ ಬಂದದ್ದನ್ನು ಅವಳು ಕಂಡಿಲ್ಲ.

ಸರಿ, ಊರಿನಲ್ಲಿ ಒಬ್ಬರೇ ಸಾಹುಕಾರರೇನು ಎಂದು ನಿರ್ಮಲಾ ತಾನೇ ಹೊರಟಳು. ಬಾಕಿ ಇಲ್ಲದ ಮಗ್ಗ, ಎರಡು ನುರಿತ ಕೈ, ಎಲ್ಲಿ ಹೋದರೂ ಕರೆದು ಕೂರಿಸುತ್ತಾರೆ ಎಂಬ ಧೈರ್ಯ ಅವಳದು. ಪೇಟೆಯ ಹುಚ್ಚಪ್ಪ ಸಾಹುಕಾರ ಕರೆದು ಕೂರಿಸಿದ್ದೇನೋ ಹೌದು.

"ದ್ಯಾಮಪ್ಪನ ಕಡೆ ಎಷ್ಟೈತವಾ ಬಾಕಿ? ಅಷ್ಟನ್ನೂ ನಾ ಕಟ್ಟಿ ನಿಮ್ಮನ್ನ ಕರಕೊಂತೀನಿ, ಚಿಂತಿ ಬ್ಯಾಡ."

"ಏನೂ ಇಲ್ರಿ. ಎಲ್ಲಾ ಮುಟ್ಟಿಸೇವ್ರಿ."

ಹುಚ್ಚಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. "ಏನೂ ಇಲ್ಲ? ಮತ್ತ ಅವ ಯಾಕ ಬಿಟ್ಟ ನಿಮ್ಮನ್ನ?"

"ಅವರೇನ ಬಿಟ್ಟಿಲ್ರಿ. ನಾವ ಬಾಕಿ ಕೊಟ್ಟ್ವಿ."

"ಯಾರರ ಸುಮ್ಮಸುಮ್ಮನ ಬಾಕಿ ಕೊಡತಾರೇನ?" ಎಂದು ಹುಚ್ಚಪ್ಪ ದನಿ ತಗ್ಗಿಸಿದ. "ರೇಷ್ಮಿ-ಗೀಷ್ಮಿ ಏನರ ಹೆಚ್ಚುಕಮ್ಮಿ ಆತೇನ? ನನ್ನ ಮುಂದ ಹೇಳು, ನಾ ಯಾರ ಮುಂದೂ ಹೇಳೂದಿಲ್ಲ."

ಅಂದರೆ ಕದ್ದಿರಾ ಎಂದು ಕೇಳಿದ ಹಾಗಾಯಿತು! ನಿರ್ಮಲಾಳ ಮೈ ಉರಿಯಿತು. ಕೊಟ್ಟ ಚಹಾ ಅಲ್ಲೇ ಬಿಟ್ಟು ಎದ್ದು ಬಂದಳು. ಅದು ಹಾಲು ಹಾಕಿದ ಚಹಾ ಆಗಿತ್ತು ಎಂಬುದು ಅರ್ಧ ದಾರಿಗೆ ಬಂದ ಮೇಲೆ ನೆನಪಾಗಿ ಇನ್ನಷ್ಟು ಸಿಟ್ಟು ಬಂತು. ಎರಡನೆಯ ಸಾಹುಕಾರ ಅಷ್ಟು ದೂರವೂ ಹೋಗಲಿಲ್ಲ. "ಬಾಕಿ ಇಲ್ದಾವರ ಕೈಯಾಗ ನನ್ನ ಸಾವಿರಾರು ರೂಪಾಯಿ ನೂಲು ಕೊಟ್ಟರ, ನಾಳೆ ಅವರು ಎದ್ದು ಇಳಕಲ್ಲಿಗೆ ಹೋದ್ರ ನಾ ಯಾರನ್ನ ಹಿಡೀಲಿ? ಒಂದಿಪ್ಪತ್ತ ಸಾವಿರ ಇಸ್ಕೊರಿ, ಇವತ್ತ ಹಾಸ ಒಯ್ರಿ" ಎಂದು ನಗುನಗುತ್ತ ಹೇಳಿದ. ಎರಡೂವರೆ ವರ್ಷ ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದ್ದನ್ನು ಈ ಊರಿನವರು ರೋಗದ ಹಾಗೆ ನೋಡುತ್ತಿದ್ದಾರಲ್ಲ ಎಂದು ಅವಳಿಗೆ ಬೀದಿಯಲ್ಲೇ ಕೂಗಬೇಕೆನಿಸಿತು. ಯಾರ ಮೇಲೆ ಕೂಗುವುದು? ಎಲ್ಲರೂ ಮೆತ್ತಗೆ, ಪ್ರೀತಿಯಿಂದ ಮಾತಾಡುವವರೇ.

ಓಣಿಯ ಹೆಂಗಸರು ಮಾತಾಡಿಸಲು ಬಂದರು, ಸತ್ತವರ ಮನೆಗೆ ಬರುವ ಹಾಗೆ ಒಬ್ಬೊಬ್ಬರಾಗಿ. ನೇಕಾರರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುವ ಕಾಶೀಂಬಿ ಪಕ್ಕದಲ್ಲಿ ಕೂತು, "ಮಂದಿ ಸಾಲಾ ಆಗೇತಂತ ಅಳತಾರ, ನೀ ಸಾಲಾ ಇಲ್ಲಂತ ಅಳಾಕತ್ತಿ. ಇದೇನ ನಸೀಬವಾ ನಿಂದು!" ಎಂದಳು. ಆಮೇಲೆ ದನಿ ತಗ್ಗಿಸಿ, "ಹಟಾ ಬಿಡು. ಒಂದ ಹತ್ತ ಸಾವಿರ ಇಸ್ಕೊಂಡ್ರ ಎಲ್ಲಾ ಮದಲಿನಂಗ ಆಕ್ಕೈತಿ. ಉಡಿ ತುಂಬಿದ್ರೇನಾತು, ತಿರುಗಿ ಬಂದ್ರ ದ್ಯಾಮಪ್ಪಣ್ಣ ಹೊರಗ ಹಾಕೂ ಮನಶ್ಯಾ ಅಲ್ಲ" ಎಂದಳು.

ನಿರ್ಮಲಾ ಹಟ ಬಿಡಲಿಲ್ಲ. ಎರಡನೇ ವಾರವೂ ಮಗ್ಗ ಸುಮ್ಮನೆ ಕೂತಿತು. ಕಳಕೇಶ ಕೆಲಸವಿಲ್ಲದೆ ಮನೆಯ ತುಂಬ ಅಡ್ಡಾಡಿದ. ಅವನು ಎಲ್ಲಿ ನಿಂತರೂ ಅವಳು ಕಸ ಹೊಡೆಯಬೇಕಾದ ಜಾಗವೇ ಆಗಿರುತ್ತಿತ್ತು. ಅವಳು ಖರ್ಚನ್ನು ಇನ್ನೂ ಬಿಗಿ ಮಾಡಿದಳು. ಆದರೆ ಖರ್ಚು ಕಡಿಮೆ ಮಾಡುವುದಕ್ಕೂ ಏನಾದರೊಂದು ಬರುತ್ತಿರಬೇಕು. ಬರುವುದೇ ನಿಂತ ಮೇಲೆ ಅವಳ ಜಾಣತನಕ್ಕೆ ಕೆಲಸವೇ ಉಳಿಯಲಿಲ್ಲ.

ಹಟ ಮುರಿದದ್ದು ಶರತ. ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ, ತಲೆ ಎತ್ತದೆ, "ಅವ್ವಾ, ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯವ ಕೆಲಸಕ್ಕ ಬಾ ಅಂದಾನ. ಕಾಲೇಜ ಮುಂದಿನ ವರ್ಷ ಮಾಡಿದ್ರಾತು" ಎಂದ. ಎಷ್ಟು ಸಹಜವಾಗಿ ಹೇಳಿದ ಎಂದರೆ, ಬಹಳ ದಿನದಿಂದ ಯೋಚಿಸಿಟ್ಟ ಮಾತು ಎಂದು ಅವಳಿಗೆ ಗೊತ್ತಾಯಿತು. ಯಾರ ಮೇಲೆ ಭಾರ ಬೀಳಬಾರದೆಂದು ಇಷ್ಟೆಲ್ಲ ಮಾಡಿದಳೋ ಅವನೇ ಬೆನ್ನು ಬಗ್ಗಿಸಿ ನಿಂತಿದ್ದ. ನಿರ್ಮಲಾ ಅಡಿಗೆಮನೆಗೆ ಹೋಗಿ, ಒಲೆಯ ಕಡೆ ಮುಖ ಮಾಡಿ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು, ಆದರೆ ಬಂದದ್ದು ಅಳುವೇ. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದು ಗಂಡನ ಮುಂದೆ ನಿಂತಳು.

"ಹೋಗ್ರಿ. ದ್ಯಾಮಪ್ಪನೋರ ಕಡೆ ಹತ್ತ ಸಾವಿರ ಇಸ್ಕೊಂಡು, ಹಾಸ ತಗೊಂಡ ಬರ್ರಿ."

ಕಳಕೇಶ ನಂಬಲಿಲ್ಲ. "ನೀ ಹೇಳಾಕತ್ತೀ ಇದನ್ನ?"

"ನಾನ ಹೇಳಾಕತ್ತೀನಿ. ಗೆದ್ರಿ, ಆತಿಲ್ಲೋ? ಊರೆಲ್ಲಾ ಗೆದ್ದೀರಿ. ಹತ್ತರ ಮ್ಯಾಲ ಒಂದ ರೂಪಾಯಿ ಹೆಚ್ಚಿಗಿ ಇಸ್ಕೊಂಡ್ರ ಮನಿಗೆ ಬರಬ್ಯಾಡ್ರಿ."

ಅವನು ಅಂಗಿ ಹಾಕಿಕೊಂಡು ಹೋದ. ಅವಳು ಹೊಸ್ತಿಲ ಮೇಲೆ ಕೂತು ಮತ್ತೆ ಹತ್ತು ಸಾವಿರದ ಲೆಕ್ಕ ಶುರು ಮಾಡಿದಳು. ವಾರಕ್ಕೆ ಇಷ್ಟು ಉಳಿದರೆ ಇಷ್ಟು ತಿಂಗಳು. ಲೆಕ್ಕ ಅರ್ಧಕ್ಕೆ ಬಂದಾಗ ಬೇಸರ ಬಂತು. ತೀರಿಸಿ ಮಾಡುವುದೇನು? ತೀರಿದ ದಿನ ಮತ್ತೆ ಇದೇ ಹಾಡು. ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು. ದುಡ್ಡು ಕೈಗೆ ಬಂತೋ ಇಲ್ಲವೋ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಹಂಚುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಬೈಗುಳಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಟ್ಟುಕೊಂಡಳು.

ಸಂಜೆ ಕಳಕೇಶ ಬಂದ. ಹೆಗಲ ಮೇಲೆ ಹೊಸ ಹಾಸು ಇತ್ತು, ಕೈಯಲ್ಲಿ ನೂಲಿನ ಗಂಟು. ಹಾಸನ್ನು ಮಗ್ಗದ ಪಕ್ಕದಲ್ಲಿ ಇಳಿಸಿ, ಎಂದಿನ ಹಾಗೆ ಎರಡೂ ಕೈ ಮೇಲೆತ್ತಿ ನಿಂತ. ನಿರ್ಮಲಾ ಕಿಸೆಗೆ ಕೈ ಹಾಕಿದಳು. ಖಾಲಿ.

"ಎಲ್ಲೈತಿ ಹತ್ತ ಸಾವಿರ?"

"ಇಸ್ಕೊಂಡಿಲ್ಲ."

"ಮತ್ತ ಹಾಸ ಹ್ಯಾಂಗ ಕೊಟ್ರು?"

"ಹೋದೆ. ಸಾಹುಕಾರರು ಎದ್ದು ಬಂದು ಕೈ ಹಿಡಕೊಂಡ್ರು, ಒಳಗ ಹೋಗಿ ರೊಕ್ಕಾನೂ ತಂದ್ರು. ಹತ್ತ ಯಾಕ, ಇಪ್ಪತ್ತ ಒಯ್ಯಿ ಅಂದ್ರು. ಕೈ ಮುಂದ ಮಾಡಿದೆ. ಆದ್ರ ನಿರ್ಮಲಾ..." ಕಳಕೇಶ ಮೇಲೆತ್ತಿದ್ದ ಕೈ ಇಳಿಸಿದ. "ನೀ ಮುಚ್ಚಳದಾಗ ಎಣ್ಣಿ ಅಳಿಯೂದು ಕಣ್ಣ ಮುಂದ ಬಂತು. ಕೈ ಹಿಂದ ಬಂತು. ಸಾಹುಕಾರ್ರ, ನಿಮಗ ಬೇಕಾಗಿದ್ದೇನು, ನಾವು ಓಡಿ ಹೋಗಬಾರದು ಅಷ್ಟ ಹೌದಲ್ಲೋ ಅಂದೆ. ಹೌದು ಅಂದ್ರು. ಹಂಗಾರ ನಿಮ್ಮ ರೊಕ್ಕ ನಮ್ಮ ಕಡೆ ಯಾಕ ಇರಬೇಕು, ನಮ್ಮ ರೊಕ್ಕಾನ ನಿಮ್ಮ ಕಡೆ ಇರ್ಲಿ, ನಮ್ಮ ರೊಕ್ಕಾ ಬಿಟ್ಟು ನಾವೆಲ್ಲಿ ಓಡಿ ಹೋಗೂಣು ಅಂದೆ. ಮುಂದಿನ ನಾಕ ವಾರದ ಕೂಲಿ ಕೊಡಬ್ಯಾಡ್ರಿ, ನಿಮ್ಮಲ್ಲೇ ಇಟ್ಟಕೊರ್ರಿ, ಮಗ್ಗ ಬಿಡೂ ದಿನ ಕೊಡ್ರಿ ಅಂದೆ."

ನಿರ್ಮಲಾಗೆ ಕೇಳಿಸಿದ್ದು ಒಂದೇ ಮಾತು. "ನಾಕ ವಾರ? ನಾಕ ವಾರ ಕೂಲಿ ಇಲ್ಲ? ನನ್ನ ಒಂದ ಮಾತ ಕೇಳಲಾರದ? ನಾಕ ವಾರ ನಾ ಏನ ಕಲ್ಲ ಬೇಯಿಸಿ ಹಾಕಲೇನ ನಿಮಗೆಲ್ಲಾ? ಒಪ್ಪಿಕೊಳ್ಳೂದು ಗೊತ್ತು, ಎರಡಕ್ಕ ಬಗ್ಗಸಾಕ ಬರತಿದ್ದಿಲ್ಲೇನ ನಿಮಗ?"

"ಅವರು ಎಂಟ ಅಂದಿದ್ರು."

"ಎಂಟ?"

"ಸಾಹುಕಾರ ನೇಕಾರಗ ಕೊಡೂದ ಇಟ್ಟಕೋಬೇಕೇನು, ನಮ್ಮ ಮನಿತನಕ್ಕ ಶೋಭಿಸೂದಿಲ್ಲ ಅಂತ ಮದಲ ಸಿಟ್ಟಿಗೆದ್ರು. ಆಮ್ಯಾಲ ಆತು, ಎಂಟ ವಾರದ್ದಿರ್ಲಿ ಅಂದ್ರು. ಅಲ್ಲಿಂದ ನಾಕಕ್ಕ ತರಾಕ ಎರಡ ತಾಸ ಹಿಡೀತು. ನನಗೇನ ಚೌಕಾಸಿ ರೂಢಿ ಐತೇನ?" ಅವನು ಹಾಸಿನ ಕಟ್ಟು ಬಿಚ್ಚಲು ಕೂತ. ತಲೆ ಬಗ್ಗಿಸಿಕೊಂಡೇ ಹೇಳಿದ, "ಬ್ಯಾರೆ ಯಾರ ಮನ್ಯಾಗಾದ್ರೂ ನಾ ಒಪ್ಪತಿದ್ದಿಲ್ಲ. ಕೂಲಿ ಇಲ್ಲದ ನಾಕ ವಾರ ಮನಿ ನಡಸಾಕ ಈ ಊರಾಗ ಯಾರಿಗೆ ಬರತೈತಿ? ನೀ ಅದಿ ಅಂತ ಒಪ್ಪಿಕೊಂಡೆ."

ನಿರ್ಮಲಾ ಜೋಡಿಸಿಟ್ಟುಕೊಂಡಿದ್ದ ಬೈಗುಳ ಒಂದೂ ಉಪಯೋಗಕ್ಕೆ ಬರಲಿಲ್ಲ. ಅವಳು ಒಳಗೆ ಹೋಗಿ ಜೋಳದ ಡಬ್ಬಿಗೆ ಕೈ ಹಾಕಿದಳು, ಅಕ್ಕಿ ನೋಡಿದಳು, ಬೇಳೆ ನೋಡಿದಳು, ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಕಷ್ಟ. ಆದರೆ ಆಗದ್ದಲ್ಲ. ಹೊರಗೆ ಬಂದಾಗ ಶರತ ಅಪ್ಪನ ಎದುರಿಗೆ ಕೂತು ಹಾಸಿನ ಇನ್ನೊಂದು ತುದಿ ಹಿಡಿದಿದ್ದ. "ಅದನ್ನ ಬಿಡು, ನಾ ಹಿಡೀತೀನಿ. ನೀ ಓದಕೋ ಹೋಗು" ಎಂದು ಅವನನ್ನು ಎಬ್ಬಿಸಿ, ಅಲ್ಲಿ ತಾನು ಕೂತಳು.

ಅನ್ನವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಂದ್ರ ಈಗ ದ್ಯಾಮಪ್ಪ ನಮಗ ಕೊಡೂದೈತಿ?" ಎಂದು ಕೇಳಿದಳು.

"ಹೂಂನವಾ" ಎಂದ ಕಳಕೇಶ.

"ಕೊಡತಾನಂತೇನ ಅವ?"

ನಿರ್ಮಲಾಳ ಕೈ ನೂಲಿನ ಮೇಲೆ ನಿಂತಿತು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಈ ಮನೆಗೆ ಬಂದ ಮೇಲೆ ಮೊದಲ ಸಲ ಊರಿನಲ್ಲಿ ಒಬ್ಬರು ಅವಳಿಗೆ ಕೊಡಬೇಕಾದವರಿದ್ದರು, ಅದೂ ದೊಡ್ಡ ಮನುಷ್ಯರು, ವಯಸ್ಸಾದವರು, ಕೈಬಿಚ್ಚಿ ಖರ್ಚು ಮಾಡುವವರು. ಅವರ ಮನೆಯಲ್ಲಿ ಬಂದವರಿಗೆಲ್ಲ ಉಪ್ಪಿಟ್ಟು, ಹೋದವರಿಗೆಲ್ಲ ತೆಂಗಿನಕಾಯಿ.

"ಅವರ ಮನಿ ಖರ್ಚ ಭಾಳ ಐತ್ರಿ" ಎಂದಳು ಗಂಡನಿಗೆ. "ಶನಿವಾರ ನಾನೂ ಬರತೀನಿ. ನೀಲಕ್ಕಾರಿಗೆ ಒಂದೆರಡ ಮಾತ ಹೇಳೂದೈತಿ."